ಗೋಪುರಕ್ಕೆ ಮೊದಲು ಹಾಸಿಗೆ ಹಿಡಿದವರನ್ನು ನೋಡಿ: ನಮ್ಮ ಸಭಾ ಸಮಿತಿಗೆ ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಭಾ ಸಮಿತಿಯ ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ ಮತ್ತು ಎಲ್ಲ ಸದಸ್ಯರಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು.

ನಾನು ಈ ಕ್ರೈಸ್ತ ಸಭೆಯಲ್ಲೇ ದೀಕ್ಷಾಸ್ನಾನ ಪಡೆದವಳು, ಇಲ್ಲೇ ಮದುವೆಯಾದವಳು. ಮಹಿಳಾ ಕೂಟದಿಂದ ಮನೆಭೇಟಿಗೆ ಹೋಗುವವರಲ್ಲಿ ಒಬ್ಬಳು. ಈ ಮಾತುಗಳನ್ನು ಮೊದಲು ನಿಮಗೆ ಖಾಸಗಿಯಾಗಿ ಬರೆದುಕೊಟ್ಟಿದ್ದೆ. ಉತ್ತರ ಬರಲಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತೆ. ಹೊತ್ತಾಯಿತು ಎಂದು ಕೂರಿಸಿದಿರಿ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ, ಊರಿನ ಹೆಸರನ್ನೂ ಹೇಳುವುದಿಲ್ಲ. ಯಾರ ಮಾನ ಕಳೆಯುವುದೂ ನನ್ನ ಉದ್ದೇಶವಲ್ಲ. ಕರಾವಳಿಯ ಬೇರೆ ಸಭೆಗಳವರಿಗೂ ಇದು ತಮ್ಮ ಕಥೆಯೇ ಅನ್ನಿಸಿದರೆ ಅವರೂ ಓದಲಿ.

ನಮ್ಮ ಹಳೆಯ ಹೆಂಚಿನ ದೇವಾಲಯವನ್ನು ಕೆಡವಿ ಹೊಸದು ಕಟ್ಟಬೇಕೆಂದು ನೀವು ತೀರ್ಮಾನಿಸಿದ್ದೀರಿ. ಕೆಳಗೆ ಪಾರ್ಕಿಂಗ್, ಮೇಲೆ ಆರಾಧನೆಯ ಹಾಲ್, ಗ್ರಾನೈಟ್ ನೆಲ, ಎಸಿ, ರಸ್ತೆಯ ತಿರುವಿನಿಂದಲೇ ಕಾಣುವಂಥ ಗೋಪುರ. ಅದರ ಚಿತ್ರವಿರುವ ಫ್ಲೆಕ್ಸ್ ಗೇಟಿನಲ್ಲಿ ನಿಂತಿದೆ. ಮಾಡು ಸೋರುವುದು ನಿಜ. ಮಳೆಗಾಲದಲ್ಲಿ ಬಲಗಡೆಯ ಬೆಂಚುಗಳನ್ನು ಸರಿಸಿ ಬಕೆಟ್ ಇಡುವುದು ನಮ್ಮ ಮಹಿಳಾ ಕೂಟದವರೇ. ಸಂಡೇ ಸ್ಕೂಲಿನ ಮಕ್ಕಳಿಗೆ ಜಾಗ ಸಾಲದೆಂಬುದೂ ನಿಜ. ರಿಪೇರಿ ಬೇಡ ಎಂದು ನಾನು ಎಲ್ಲೂ ಹೇಳಿಲ್ಲ. ನನ್ನ ದೂರು ಬೇರೆ. ಕಟ್ಟಡದ ಮಾತು ಶುರುವಾದಂದಿನಿಂದ ಸಭೆಯ ಜನರಿಗೆ ಏನಾಯಿತು ಎಂಬುದನ್ನು ನೀವು ನೋಡುತ್ತಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಗುಡ್ಡದ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದವರು. ಸೊಂಟದ ಮೂಳೆ ಮುರಿದ ಮೇಲೆ ಮಂಚ ಬಿಟ್ಟು ಇಳಿದಿಲ್ಲ. ತಲೆದಿಂಬಿನ ಪಕ್ಕ ದಪ್ಪಕ್ಷರದ ಬೈಬಲ್ ಇದೆ, ಅದರ ಮೇಲೆ ಒಂದು ಕಾಲು ಮುರಿದ ಕನ್ನಡಕ. ಮಂಚದ ಕೆಳಗೆ ಒಂದು ಡಬ್ಬಿ. ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಸೊಸೆ ಅವರ ಕೈಗೆ ಅಕ್ಕಿ ತಂದು ಕೊಡುತ್ತಾಳೆ. ಅವರು ಅದರಲ್ಲಿ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಾರೆ. ನಮ್ಮ ಹಿರಿಯರು ಕಲಿಸಿದ ಹಿಡಿಯಕ್ಕಿ ಕಾಣಿಕೆ ಅದು. ಡಬ್ಬಿ ತುಂಬಿ ತುಂಬಾ ದಿನ ಆಗಿತ್ತು. ಅದನ್ನು ತೆಗೆದುಕೊಂಡು ಹೋಗಲು ಸಭೆಯಿಂದ ಯಾರೂ ಬಂದಿರಲಿಲ್ಲ. ಮೇಲಿನ ಅಕ್ಕಿಯಲ್ಲಿ ಹುಳ ಕಾಣಿಸುತ್ತಿತ್ತು.

ಅವರಿಗೆ ಪವಿತ್ರ ಸಂಸ್ಕಾರ ಸಿಕ್ಕಿ ಒಂದು ವರ್ಷ ದಾಟಿದೆ. ಮೊದಲಾದರೆ ತಿಂಗಳ ಮೊದಲನೆಯ ಭಾನುವಾರ ಆರಾಧನೆ ಮುಗಿದ ಕೂಡಲೇ ಸಭಾಪಾಲಕರಾದ ಅಯ್ಯನವರು ರೊಟ್ಟಿ, ದ್ರಾಕ್ಷಾರಸ ಹಿಡಿದು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಿದ್ದರು. ಈಗ ಅದೇ ಹೊತ್ತಿಗೆ ಕಟ್ಟಡ ಸಮಿತಿಯ ಮೀಟಿಂಗ್ ಇರುತ್ತದೆ. ಹೊಸ ದೇವಾಲಯದ ಸುದ್ದಿ ಹೇಳಿದಾಗ ಅಜ್ಜಿ ಖುಷಿಪಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಮೆಟ್ಟಿಲು ಮಗಾ?"

ನಕ್ಷೆಯಲ್ಲಿ ರ‍್ಯಾಂಪ್ ಇಲ್ಲ, ಲಿಫ್ಟೂ ಇಲ್ಲ. ನಾನು ಉತ್ತರ ಕೊಡಲಿಲ್ಲ.

ಇನ್ನೊಂದು ವಿಷಯ. ಕಳೆದ ಮಳೆಗಾಲದಲ್ಲಿ ನಮ್ಮ ಸಭೆಯ ಒಬ್ಬ ಕೂಲಿ ಕೆಲಸದವರು ತೀರಿಹೋದರು. ಮನೆಯಲ್ಲಿ ಹೆಣ ಇಟ್ಟುಕೊಂಡು ಹೆಂಡತಿ ಅಳುತ್ತಿದ್ದಾಗ ಸಮಿತಿಯವರೊಬ್ಬರು ಬಂದರು. ಸಭಾ ವಂತಿಗೆ ಬಾಕಿ ಇದೆ, ಕಟ್ಟಡ ನಿಧಿಗೆ ಬರೆಸಿದ ಹಣವೂ ಬಾಕಿ ಇದೆ, ಅದನ್ನು ಕಟ್ಟಿದ ಮೇಲೆ ಸಮಾಧಿಗೆ ಚೀಟಿ ಬರೆಯುತ್ತೇವೆ ಎಂದರು. ನಾನು ಅಲ್ಲೇ ಇದ್ದೆ. ಮಹಿಳಾ ಕೂಟದವರು ಪರ್ಸಿನಲ್ಲಿದ್ದದ್ದನ್ನೆಲ್ಲ ಸೇರಿಸಿ ಕೊಟ್ಟೆವು. ಆಗಲೇ ಮಣ್ಣು ಮಾಡಲು ಸಾಧ್ಯವಾಯಿತು. ಆ ಮನೆಯವರು ಈಗ ಆರಾಧನೆಗೆ ಬರುವುದಿಲ್ಲ. ಅವರು ಯಾಕೆ ಬರುತ್ತಿಲ್ಲ ಎಂದು ಸಮಿತಿಯಲ್ಲಿ ಒಬ್ಬರಾದರೂ ಕೇಳಿದಿರಾ?

ಬಡವರ ನಿಧಿಯನ್ನು "ತಾತ್ಕಾಲಿಕವಾಗಿ" ಕಟ್ಟಡ ನಿಧಿಗೆ ಸೇರಿಸಿದ್ದೀರಿ. ಭಾನುವಾರದ ಪ್ರಕಟಣೆಯಲ್ಲಿ ಕೊಟ್ಟವರ ಹೆಸರು, ಮೊತ್ತ ಎರಡನ್ನೂ ಓದುತ್ತೀರಿ. ದೊಡ್ಡ ಮೊತ್ತಕ್ಕೆ ಚಪ್ಪಾಳೆ. ಕೊಡಲಾಗದವರು ಆ ಹೊತ್ತಿಗೆ ತಲೆ ತಗ್ಗಿಸಿ ಕೂರುತ್ತಾರೆ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ್ಮಣೆಯ ಹತ್ತಿರದ ನೆಲ ಎಂದು ಭೇದ ಮಾಡಬೇಡಿ ಅಂತ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಅದನ್ನು ನಮ್ಮ ಪೀಠದಿಂದಲೇ ಓದಿದ್ದೇವೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಫ್ಲೆಕ್ಸಿನಲ್ಲಿ "ಕರ್ತನು ವಾಸಿಸುವ ಮನೆಯನ್ನು ಕಟ್ಟೋಣ ಬನ್ನಿ" ಎಂದು ಬರೆಸಿದ್ದೀರಿ. ಕರ್ತನು ಎಲ್ಲಿ ವಾಸಿಸುತ್ತಾನೆ ಎಂಬುದರ ಬಗ್ಗೆ ನಮ್ಮ ವೇದವಾದ ಬೈಬಲಿನಲ್ಲಿ ಯಾವ ಅನುಮಾನಕ್ಕೂ ಜಾಗವಿಲ್ಲ. ದೇವಾಲಯ ಕಟ್ಟಿಸಿದ ಸೊಲೊಮೋನನೇ ಅದರ ಪ್ರತಿಷ್ಠೆಯ ದಿನ, ಆಕಾಶವೂ ಉನ್ನತಾಕಾಶವೂ ನಿನಗೆ ಸಾಲವು, ನಾನು ಕಟ್ಟಿಸಿದ ಈ ಮನೆ ಹೇಗೆ ಸಾಕಾದೀತು ಎಂದು ಪ್ರಾರ್ಥಿಸಿದ. ಪರಾತ್ಪರನು ಕೈಯಿಂದ ಕಟ್ಟಿದ ಮನೆಗಳಲ್ಲಿ ವಾಸಿಸುವುದಿಲ್ಲ ಎಂದ ಆದಿ ಸಭೆಯ ಸ್ತೆಫನನನ್ನು ಕಲ್ಲೆಸೆದು ಕೊಂದರು. ಅದೇ ಮಾತನ್ನು ಅಪೊಸ್ತಲ ಪೌಲನು ಗ್ರೀಸಿನ ಅಥೇನೆಯಲ್ಲಿ, ಆ ಊರಿನ ಭಾರೀ ಗುಡಿಗಳ ನಡುವೆ ನಿಂತು ಹೇಳಿದ. ಬೆಟ್ಟದ ಮೇಲೆ ಆರಾಧಿಸಬೇಕೋ ಯೆರೂಸಲೇಮಿನಲ್ಲೋ ಎಂದು ಕೇಳಿದ ಸಮಾರ್ಯದ ಹೆಂಗಸಿಗೆ ಯೇಸು ಎರಡು ಜಾಗವನ್ನೂ ತೋರಿಸಲಿಲ್ಲ. ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕು ಎಂದ. ಬಿಸಿಲಿನಲ್ಲಿ ನೀರಿಗೆ ಬಂದ, ಯೆಹೂದ್ಯರು ದೂರ ಇಟ್ಟ ಜನಾಂಗದ ಹೆಂಗಸಿಗೆ ಬಾವಿಯ ಕಟ್ಟೆಯಲ್ಲಿ ಕೂತು ಆತ ಹೇಳಿದ ಮಾತು ಅದು.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ. ಕೊರಿಂಥ ಗ್ರೀಸಿನ ಒಂದು ವ್ಯಾಪಾರದ ಪಟ್ಟಣ. ಎರಡು ಕಡೆ ಬಂದರು, ಊರ ನಡುವೆ ಅಪೊಲೊ ದೇವತೆಯ ಗುಡಿ. ಆದರೆ ವಿಶ್ವಾಸಿಗಳಿಗೆ ತಮ್ಮದೆನ್ನುವ ಒಂದು ಗೋಡೆಯೂ ಇರಲಿಲ್ಲ. ಗಾಯ ಎಂಬ ವಿಶ್ವಾಸಿಯಂಥವರ ಮನೆಯಲ್ಲಿ ಕೂಡುತ್ತಿದ್ದರು. ಅವರು ಒಳ್ಳೆಯ ಸಭೆಯೂ ಆಗಿರಲಿಲ್ಲ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಬೋಧಕರ ಹೆಸರಿನಲ್ಲಿ ಗುಂಪು ಕಟ್ಟಿಕೊಂಡಿದ್ದರು. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಕೂರುತ್ತಿದ್ದರು. ಇಂಥವರಿಗೆ ಪೌಲ ಬರೆದ: ನೀವೇ ದೇವರ ಆಲಯ, ದೇವರ ಆತ್ಮ ನಿಮ್ಮಲ್ಲಿ ವಾಸವಾಗಿದ್ದಾನೆ, ಇದು ನಿಮಗೆ ಗೊತ್ತಿಲ್ಲವೋ? ಮುಂದಿನ ವಚನದಲ್ಲೇ ಎಚ್ಚರಿಕೆ ಇದೆ. ಆ ಆಲಯವನ್ನು ಕೆಡಿಸುವವನನ್ನು ದೇವರು ಕೆಡಿಸುತ್ತಾನೆ.

ಅಲ್ಲಿ ಕೆಡುವುದು ಯಾವುದು? ಕಲ್ಲು ಗಾರೆ ಇರಲೇ ಇಲ್ಲವಲ್ಲ. ಒಬ್ಬ ಬಡ ವಿಶ್ವಾಸಿಯನ್ನು ಹಸಿದ ಹೊಟ್ಟೆಯಲ್ಲಿ ಮನೆಗೆ ಕಳಿಸಿದರೆ ದೇವಾಲಯ ಬಿರುಕು ಬಿಟ್ಟಿತು. ಗುಂಪುಗಾರಿಕೆಯಿಂದ ಒಬ್ಬರು ಹೊರಗುಳಿದರೆ ಒಂದು ಗೋಡೆ ಬಿತ್ತು. ಹಾಗೆ ಓದಿದರೆ ನಮ್ಮ ದೇವಾಲಯ ಸೋರುತ್ತಿರುವುದು ಮಾಡಿನಿಂದ ಮಾತ್ರ ಅಲ್ಲ. ಸಮಿತಿ ಚುನಾವಣೆಯ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿದ್ದಾರೆ. ಸಮಾಧಿಯ ಚೀಟಿಗೆ ಬೇಡಿಕೊಂಡ ವಿಧವೆ ಇದ್ದಾರೆ.

ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 55ರ ಹೊತ್ತಿಗೆ. ಯೆರೂಸಲೇಮಿನ ದೇವಾಲಯ ಆಗ ಇನ್ನೂ ನಿಂತಿತ್ತು. 70ರಲ್ಲಿ ರೋಮನ್ ಸೈನ್ಯ ಅದನ್ನು ಸುಟ್ಟು ಕೆಡವಿತು. ವಿಶ್ವಾಸಿಗಳ ಕೂಟಗಳು ಉಳಿದವು. ಯಾಕೆಂದರೆ ಅವು ಮನೆಗಳಲ್ಲಿದ್ದವು. ಪ್ರಿಸ್ಕ ಅಕ್ವಿಲರ ಮನೆ, ನುಂಫಳ ಮನೆ, ಫಿಲೆಮೋನನ ಮನೆ. ಸಿರಿಯಾದ ಯೂಫ್ರಟಿಸ್ ನದಿಯ ದಡದಲ್ಲಿ ದೂರಾ ಯೂರೋಪಸ್ ಎಂಬ ಹಳೆಯ ಪಟ್ಟಣದ ಅಗೆತದಲ್ಲಿ ಸುಮಾರು 240ರ ಕಾಲದ ಅಂಥ ಒಂದು ಮನೆ ಸಿಕ್ಕಿದೆ. ಹೊರಗಿನಿಂದ ಎಲ್ಲರ ಮನೆಯಂಥ ಮನೆ. ಒಳಗೆ ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಕೂಡಲು ಜಾಗ ಮಾಡಿಕೊಂಡಿದ್ದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ.

ಮುಂದೆ ಸಾಮ್ರಾಟರ ಆಶ್ರಯ ಸಿಕ್ಕಿತು, ದೊಡ್ಡ ದೊಡ್ಡ ದೇವಾಲಯಗಳು ಎದ್ದವು. ಆಗಲೂ ಪೀಠದಿಂದ ಎಚ್ಚರಿಸಿದವರಿದ್ದರು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಪ್ರಸಂಗ ಮಾಡಿದ ಯೋಹಾನ ಕ್ರಿಸೊಸ್ತಮನ ಮಾತಿನ ಸಾರ ಇದು: ಕ್ರಿಸ್ತನು ಹಸಿವಿನಿಂದ ಸಾಯುತ್ತಿರುವಾಗ ಅವನ ಮೇಜಿನ ಮೇಲೆ ಚಿನ್ನದ ಬಟ್ಟಲು ತುಂಬಿದರೆ ಏನು ಬಂತು? ಒಳಗೆ ರೇಷ್ಮೆಯಿಂದ ಅವನನ್ನು ಗೌರವಿಸಿ, ಹೊರಗೆ ಚಳಿಯಲ್ಲಿ ಬೆತ್ತಲೆ ನಿಂತವನನ್ನು ಕಡೆಗಣಿಸಬೇಡಿ. ಮೊದಲು ಹಸಿದವನಿಗೆ ಊಟ ಕೊಡಿ, ಮಿಕ್ಕಿದ್ದರಲ್ಲಿ ಮೇಜು ಸಿಂಗರಿಸಿ. ಅವನು ಸಿಂಗಾರವೇ ಬೇಡ ಎನ್ನಲಿಲ್ಲ. ಯಾವುದು ಮೊದಲು ಎಂದು ಹೇಳಿದ. ನಾನು ಕೇಳುತ್ತಿರುವುದೂ ಅಷ್ಟೇ.

ನಮ್ಮ ಸಭೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನದು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1834ರಲ್ಲಿ ಮಂಗಳೂರಿಗೆ ಬಂದವರು ಅವರು. ಅವರ ಕೈಯಲ್ಲಿ ನೆನಪಿಡುವಂಥ ಕೆಲಸ ಏನಾಯಿತು? ಶಾಲೆ, ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ನಿಘಂಟು. ಹೊಸ ವಿಶ್ವಾಸಿಗಳು ಮನೆ, ಜಾತಿ, ಕೆಲಸ ಎಲ್ಲವನ್ನೂ ಕಳೆದುಕೊಂಡು ಬಂದಾಗ ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅವರ ಎಲ್ಲ ನಡೆಯನ್ನೂ ನಾನು ಒಪ್ಪಲಾರೆ. ಆದರೆ ಸಭೆ ಎಂದರೆ ಸಭೆಯವರ ಊಟದ ಚಿಂತೆಯೂ ಹೌದು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಅಜ್ಜ ಅಜ್ಜಿಯರು ಬದುಕಿದ್ದು ಹಾಗೆ.

ಯುವಜನ ಕೂಟದವರೊಂದಿಗೆ ನಾನು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಿದ್ದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರಿನವರು ಜಾಗ ಬಿಡಬೇಕಾಯಿತು. ಮಳೆಗಾಲದಲ್ಲಿ ಹಿನ್ನೀರು ಗೋಡೆಗಳನ್ನು ಅರ್ಧ ನುಂಗುತ್ತದೆ. ಮಾಡು ಇಲ್ಲ, ಕಮಾನುಗಳು ಮಾತ್ರ. ಜನ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ತುಂಬಾ ಚೆಂದದ ಜಾಗ. ಆದರೆ ಅಲ್ಲಿ ಈಗ ಆರಾಧನೆ ಇಲ್ಲ, ಯಾಕೆಂದರೆ ಆರಾಧಿಸುವವರು ಅಲ್ಲಿಲ್ಲ. ಅವರು ತಮ್ಮ ವಿಶ್ವಾಸವನ್ನು ಜೊತೆಗೇ ಕಟ್ಟಿಕೊಂಡು ಬೇರೆ ಊರಿಗೆ ಹೋದರು.

ಅಷ್ಟು ದೂರ ಯಾಕೆ, 2020ರ ಈಸ್ಟರ್ ನೆನಪಿದೆಯಲ್ವಾ? ಏಪ್ರಿಲ್ 12. ದೇವಾಲಯಕ್ಕೆ ಬೀಗ. ಆ ದಿನ ನಮ್ಮ ಸಭೆ ಎಲ್ಲಿತ್ತು? ಒಂದೊಂದು ಮನೆಯ ಚಾವಡಿಯಲ್ಲಿ, ಮೊಬೈಲಿನ ಸುತ್ತ ಕೂತಿತ್ತು. ಮರುವರ್ಷ ಎರಡನೆಯ ಅಲೆಯಲ್ಲಿ ಪಿಪಿಇ ಕಿಟ್ ಹಾಕಿಕೊಂಡು ಹೆಣ ಹೊತ್ತವರು ನಮ್ಮ ಯುವಕರು. ಅವರಿಗೆ ಜಾತಿ ಧರ್ಮ ಅಡ್ಡ ಬರಲಿಲ್ಲ. ಕ್ವಾರಂಟೈನಿನಲ್ಲಿದ್ದ ಮನೆಗಳ ಮೆಟ್ಟಿಲಿಗೆ ಗಂಜಿ, ಚಟ್ನಿ ಇಟ್ಟು ಬಂದವರು ನಮ್ಮ ಹೆಂಗಸರು. ನನ್ನ ಅನುಭವದಲ್ಲಿ ಈ ಸಭೆ ದೇವರಿಗೆ ಅಷ್ಟು ಹತ್ತಿರ ಇದ್ದದ್ದು ಬೇರೆ ಯಾವಾಗಲೂ ಇಲ್ಲ. ಅದೇ ಯುವಕರಿಗೆ ಈಗ ನೀವು ಕೊಟ್ಟಿರುವ ಕೆಲಸ ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವುದು.

ನಿಮ್ಮ ವಾದಗಳನ್ನೂ ನಾನು ಕೇಳಿದ್ದೇನೆ. ಹಗ್ಗಾಯ ಪ್ರವಾದಿ ಆಲಯ ಕಟ್ಟಲು ಹೇಳಲಿಲ್ಲವೇ ಎಂದಿರಿ. ಹೇಳಿದ, ಹೌದು. ಆದರೆ ಅವನು ಬೈದದ್ದು ತಾವು ಹಲಗೆ ಹೊದಿಸಿದ ಮನೆಗಳಲ್ಲಿದ್ದುಕೊಂಡು ಆಲಯವನ್ನು ಹಾಳು ಬಿಟ್ಟವರನ್ನು. ಬಾಡಿಗೆ ಮನೆಯ ಬೀಡಿ ಕಾರ್ಮಿಕರಿಗೆ ಆ ವಚನ ಓದಿ ಹಣ ಕೇಳುವುದು ಸರಿಯೇ?

ಸುಗಂಧ ತೈಲ ಹೊಯ್ದ ಹೆಂಗಸನ್ನು ಯೇಸು ತಡೆಯಲಿಲ್ಲ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತು ಎಂದವರನ್ನೇ ಗದರಿಸಿದ ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಇದಕ್ಕೆ ನಾನು ತುಂಬಾ ಯೋಚಿಸಬೇಕಾಯಿತು. ಆಕೆ ಕೊಟ್ಟದ್ದು ತನ್ನದನ್ನು, ಬಡವರ ನಿಧಿಯಿಂದ ತೆಗೆದದ್ದಲ್ಲ. ಆಕೆ ಹೊಯ್ದದ್ದು ಸಾವಿನ ಬಾಗಿಲಲ್ಲಿದ್ದ ಒಬ್ಬ ಮನುಷ್ಯನ ತಲೆಯ ಮೇಲೆ. ಇಂಥ ಚಿಕ್ಕವರಲ್ಲಿ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದ್ದು ಎಂದು ಆ ಮನುಷ್ಯನೇ ಹೇಳಿದ್ದಾನೆ. ಹಾಗಾದರೆ ತೈಲ ಹೊಯ್ಯಬೇಕಾದ ತಲೆ ಇವತ್ತು ಗುಡ್ಡದ ಕೆಳಗಿನ ಮಂಚದ ಮೇಲಿದೆ.

ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆಗೆ ಹಾಕಿದ ಬಡ ವಿಧವೆಯ ಪ್ರಸಂಗವನ್ನೂ ಕಟ್ಟಡ ನಿಧಿಗೆ ಬಳಸಿದಿರಿ. ಮಾರ್ಕನ ಸುವಾರ್ತೆಯಲ್ಲಿ ಅದರ ಹಿಂದಿನ ವಚನ ಓದಿ. ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವವರಿಗೆ ಹೆಚ್ಚಿನ ದಂಡನೆ ಎಂದಿದೆ. ಅದಾದ ಮೇಲೆ ಶಿಷ್ಯನೊಬ್ಬ, ಗುರುವೇ, ಎಂಥ ಕಲ್ಲುಗಳು, ಎಂಥ ಕಟ್ಟಡಗಳು ನೋಡು ಎನ್ನುತ್ತಾನೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂಬ ಉತ್ತರ ಬರುತ್ತದೆ. ಆ ಕಾಸುಗಳ ಕಥೆ ಈ ಎರಡು ಮಾತುಗಳ ನಡುವೆ ಇದೆ. ನಡುವಿನಿಂದ ಅದನ್ನೊಂದನ್ನೇ ಎತ್ತಿ ಓದಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪೇಟೆಯ ದೊಡ್ಡ ಸಭೆಗಳಿಗೆ ನಮ್ಮ ಮಕ್ಕಳು ಹೋಗುತ್ತಿದ್ದಾರೆ, ಅವರನ್ನು ಹಿಡಿದಿಡಲು ಒಳ್ಳೆಯ ಕಟ್ಟಡ ಬೇಕು ಎನ್ನುತ್ತೀರಿ. ಹೋದ ಮಕ್ಕಳಲ್ಲಿ ಕೆಲವರನ್ನು ನಾನೇ ಮಾತಾಡಿಸಿದ್ದೇನೆ. ಒಬ್ಬರೂ ಎಸಿಯ ಮಾತು ಎತ್ತಲಿಲ್ಲ. ಅಲ್ಲಿ ನಮ್ಮ ಹೆಸರು ಕೇಳುತ್ತಾರೆ ಆಂಟಿ, ಒಂದು ವಾರ ಹೋಗದಿದ್ದರೆ ಫೋನ್ ಮಾಡುತ್ತಾರೆ ಎಂದರು.

ಈಗ ನನ್ನ ಬೇಡಿಕೆಗಳು. ಬಡವರ ನಿಧಿಯನ್ನು ಕಟ್ಟಡ ನಿಧಿಯಿಂದ ಬಿಡಿಸಿ, ತೆಗೆದಷ್ಟನ್ನೂ ವಾಪಸ್ ಹಾಕಿ, ಅದಕ್ಕೆ ಬೇರೆಯೇ ಖಾತೆ ಇಡಿ. ಲೆಕ್ಕವನ್ನು ಪ್ರತಿ ಮೂರು ತಿಂಗಳಿಗೆ ನೋಟಿಸ್ ಬೋರ್ಡಿಗೆ ಹಾಕಿ, ಪಡೆದವರ ಹೆಸರು ಮಾತ್ರ ಬೇಡ. ಸಮಾಧಿ, ದೀಕ್ಷಾಸ್ನಾನ, ಮದುವೆ ಯಾವುದಕ್ಕೂ ವಂತಿಗೆಯ ಬಾಕಿಯನ್ನು ಅಡ್ಡ ತರುವುದಿಲ್ಲ ಎಂದು ನಿರ್ಣಯ ಬರೆಯಿರಿ. ಆ ಕೂಲಿ ಕೆಲಸದವರ ಮನೆಗೆ ಸಭಾಪಾಲಕರೂ ಕಾರ್ಯದರ್ಶಿಗಳೂ ಹೋಗಿ ಕ್ಷಮೆ ಕೇಳಬೇಕು. ಇದು ಕಷ್ಟದ ಬೇಡಿಕೆ ಎಂದು ನನಗೆ ಗೊತ್ತು, ಆದರೂ ಇದನ್ನು ಬಿಡಲಾರೆ. ಕಾಣಿಕೆಯ ಮೊತ್ತ ಓದುವುದನ್ನು ನಾಳಿನ ಭಾನುವಾರದಿಂದಲೇ ನಿಲ್ಲಿಸಿ. ಅದಕ್ಕೆ ಹಣವೂ ಬೇಡ, ಮೀಟಿಂಗೂ ಬೇಡ.

ಹಾಸಿಗೆ ಹಿಡಿದವರ, ಒಂಟಿಯಾಗಿರುವ ಹಿರಿಯರ ಪಟ್ಟಿ ನಮ್ಮ ಕೂಟದಲ್ಲಿದೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ತಪ್ಪುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು ಆ ಕೆಲಸಕ್ಕೆಂದೇ ಏಳು ಜನರನ್ನು ನೇಮಿಸಿದರು. ನಮ್ಮಲ್ಲೂ ನೇಮಿಸಿ, ಅದರಲ್ಲಿ ಅರ್ಧದಷ್ಟು ಹೆಂಗಸರಿರಲಿ. ಸಂಸ್ಕಾರಕ್ಕೆ ಸಭಾಪಾಲಕರೇ ತಿಂಗಳಿಗೊಮ್ಮೆ ಹೋಗಬೇಕು, ಕಟ್ಟಡ ಸಮಿತಿಯ ಮೀಟಿಂಗ್ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ವಾರ್ಡುಗಳಲ್ಲಿ ನಿಂತುಹೋದ ಮನೆ ಪ್ರಾರ್ಥನೆಗಳನ್ನು ಮತ್ತೆ ಶುರುಮಾಡಿ. ಅದನ್ನು ಯಾವಾಗಲೂ ದೊಡ್ಡ ಹಾಲ್ ಇರುವ ಮನೆಯಲ್ಲೇ ಇಡುವ ಅಭ್ಯಾಸ ಸಾಕು. ಒಂದೇ ಕೋಣೆಯ ಮನೆಯಲ್ಲೂ ಇಡಿ, ಜಾಗ ಸಾಲದವರು ಅಂಗಳದಲ್ಲಿ ಕೂರೋಣ.

ಕಟ್ಟಡದ ವಿಷಯ: ಈ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿ, ಕೊಳೆತ ರೀಪು ಪಕ್ಕಾಸು ಬದಲಿಸಿ, ಮಕ್ಕಳಿಗೆ ಪಕ್ಕದಲ್ಲಿ ಒಂದು ಶೆಡ್ ಹಾಕಿಸಿ. ಹೊಸ ಕಟ್ಟಡ ಬೇಕೋ ಬೇಡವೋ ಎಂಬುದನ್ನು ಎಲ್ಲ ಮನೆಗಳವರನ್ನೂ ಕರೆದು ಮತ್ತೆ ಮಾತಾಡಿ. ಕಟ್ಟುವುದೇ ಎಂದು ತೀರ್ಮಾನವಾದರೆ ಆರಾಧನೆಯ ಹಾಲ್ ನೆಲಮಟ್ಟದಲ್ಲಿರಲಿ, ಕಾರುಗಳು ಹೊರಗೆ ನಿಲ್ಲಲಿ. ಆಗ ನನ್ನ ಕೈಲಾದದ್ದನ್ನು ನಾನೂ ಕೊಡುತ್ತೇನೆ, ಕಲ್ಲು ಮಣ್ಣು ಹೊರಲು ಮಹಿಳಾ ಕೂಟದವರೂ ಬರುತ್ತೇವೆ.

ಮುಂದಿನ ಸಮಿತಿ ಸಭೆಯಲ್ಲಿ ಈ ಪತ್ರವನ್ನು ಪೂರ್ತಿ ಓದಿ. ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು, ಯಾಕೆ ಎಂಬುದನ್ನು ಬರಹದಲ್ಲಿ ತಿಳಿಸಿ. ಗುಡ್ಡದ ಕೆಳಗಿನ ಅಜ್ಜಿಯ ವಿಷಯ ಮಾತ್ರ ಆ ಸಭೆಯವರೆಗೆ ಕಾಯುವುದು ಬೇಡ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಗೇಟಿನ ಹತ್ತಿರ ಆಟೊ ನಿಲ್ಲಿಸಿಕೊಂಡಿರುತ್ತೇನೆ. ಅಯ್ಯನವರು ಬಂದರೆ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ ಕರ್ತನ ಸೇವೆಯಲ್ಲಿ,
ನಿಮ್ಮ ಸಭೆಯ ಒಬ್ಬ ಸದಸ್ಯೆ